ವಜ್ರ ಹಚ್ಚಿ ತಾಮ್ರ ಹುಡುಕಿದವರು

ಹೊಳೆನರಸೀಪುರದಿಂದ ನಮ್ಮ ಹಳ್ಳಿಗೆ ಹೋಗುವ ದಾರಿಯಲ್ಲಿ ಬೇಸಗೆಯಲ್ಲಿ ಧೂಳಿನ ಮೋಡ ಎದ್ದಿತೆಂದರೆ ಅದು ಗಾಳಿಯದೂ ಅಲ್ಲ, ಕುರಿಮಂದೆಯದೂ ಅಲ್ಲ. ಯಾರೋ ಬೋರು ಕೊರೆಸುತ್ತಿದ್ದಾರೆ ಎಂದೇ ಲೆಕ್ಕ. ಲಾರಿ ತಮಿಳುನಾಡಿನ ತಿರುಚೆಂಗೋಡಿನದು, ಕೆಲಸದ ಹುಡುಗರು ಎಲ್ಲೆಲ್ಲಿಯವರೋ, ಸಾಲ ಮಾತ್ರ ನಮ್ಮೂರಿನದು. ಪಾಯಿಂಟ್ ಮಾಡುವವರು ಹಿಂದಿನ ದಿನವೇ ಬಂದು, ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದ ಉದ್ದಗಲ ಓಡಾಡಿ, ಕಾಯಿ ಎದ್ದು ನಿಂತ ಕಡೆ ಒಂದು ಕಲ್ಲಿಟ್ಟು, ತಮ್ಮ ಪಾಲಿನದನ್ನು ತೆಗೆದುಕೊಂಡು ಹೋಗಿರುತ್ತಾರೆ. ಆಮೇಲಿನದೆಲ್ಲ ಅಡಿ ಲೆಕ್ಕ. ನೂರಡಿಗೆ ನಾಲ್ಕು ಜನ ನೋಡಲು ನಿಂತಿರುತ್ತಾರೆ, ಮುನ್ನೂರಕ್ಕೆ ಹತ್ತು ಜನ, ಆರುನೂರು ದಾಟಿದರೆ ಅರ್ಧ ಊರೇ ಅಲ್ಲಿರುತ್ತದೆ. ದಾರಿಯಲ್ಲಿ ಹೋಗುವವನು ಸ್ಕೂಟರ್ ನಿಲ್ಲಿಸಿ, ಕಾಲು ನೆಲಕ್ಕೂರಿ ಕೇಳುವುದು ಒಂದೇ ಮಾತು: ‘ನೀರು ಬಿತ್ತಾ?’

ಪಾತಾಳದಿಂದ ಮೇಲೆತ್ತಬೇಕಾದ ನೀರು ‘ಬೀಳುವುದು’ ಹೇಗೆ ಎಂದು ಮೇಷ್ಟರಾಗಿದ್ದ ಕಾಲದಲ್ಲಿ ನಾನು ತಲೆ ಕೆಡಿಸಿಕೊಂಡದ್ದುಂಟು. ಈಗ ಅರ್ಥವಾಗಿದೆ. ದೇವರ ತಲೆಯಿಂದ ಹೂ ಬೀಳುತ್ತದೆ, ಲಾಟರಿ ಬೀಳುತ್ತದೆ, ನೀರೂ ಬೀಳುತ್ತದೆ. ಮೂರೂ ನಮ್ಮ ಕೈಯಲ್ಲಿ ಇಲ್ಲದವು.

ಇಂಥ ಊರಿಗೆ ಮೂರ್ನಾಲ್ಕು ವರ್ಷದ ಹಿಂದೆ ಬೇರೆಯದೇ ಥರದ ಒಂದು ಯಂತ್ರ ಬಂತು. ನಮ್ಮ ಚಿಕ್ಕಪ್ಪನ ಹೊಲದ ಬದುವಿನಾಚೆ, ಜಾಲಿ ಬೆಳೆದ ಗೋಮಾಳದ ದಿಣ್ಣೆಯ ಮೇಲೆ ಬಂದು ಕೂತಿತು. ಆರ್ಭಟವಿಲ್ಲ, ಧೂಳಿಲ್ಲ. ಹೊಲಿಗೆ ಯಂತ್ರದ ಹಾಗೆ ಒಂದೇ ಸಮನೆ ಗುರ್ ಗುರ್ ಅನ್ನುತ್ತಿತ್ತು. ಪಕ್ಕದಲ್ಲಿ ಟಾರ್ಪಾಲಿನ ಗುಡಾರ, ಎದುರಿಗೆ ಮಣ್ಣಿನ ಹೊಂಡ, ದಿನಕ್ಕೆ ಎರಡು ಸಲ ಟ್ರಾಕ್ಟರಿನಲ್ಲಿ ನೀರಿನ ಟ್ಯಾಂಕರು. ಚಿಕ್ಕಪ್ಪ ಒಂದು ದಿನವೆಲ್ಲ ಬದುವಿನ ಮೇಲೆ ಕೂತು ನೋಡಿ, ಸಂಜೆ ನನಗೆ ಫೋನ್ ಮಾಡಿದರು.

‘ಇವ್ರು ಯಾರೋ ಸರಿಯಾದೋರಲ್ಲ ಕಣೋ. ಬೋರು ಕೊರೆಯೋರು ನೀರು ತೆಗೀತಾರೆ. ಇವ್ರು ನೀರು ತಂದು ಒಳಕ್ಕೆ ಬಿಡ್ತಾವ್ರೆ.’

ಎರಡನೇ ದಿನದ ಫೋನು ಇನ್ನೂ ಗಂಭೀರವಾಗಿತ್ತು. ಯಂತ್ರದ ಕಂಬ ನೆಟ್ಟಗಿಲ್ಲ, ಓರೆಯಾಗಿದೆ. ‘ಸೊಟ್ಟಗೆ ಕೊರೀತಾವ್ರೆ. ಗೋಮಾಳದಲ್ಲಿ ಇಟ್ಟು, ನಮ್ಮ ಹೊಲದ ಕೆಳಗಿನ ನೀರಿಗೆ ಪೈಪು ಹಾಕೋ ಉಪಾಯ ಇದು. ನೀನು ಓದಿದೋನು, ಬಂದು ಕೇಳು.’

ಹೋದೆ. ಗುಡಾರದಲ್ಲಿ ಇದ್ದವನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ಓದಿದ ಹುಡುಗ. ಕತ್ತಿನಲ್ಲಿ ದಾರ ಕಟ್ಟಿದ ಪುಟ್ಟ ಭೂತಗನ್ನಡಿ, ಸೊಂಟದಲ್ಲಿ ಸುತ್ತಿಗೆ, ಕಾಲಲ್ಲಿ ಅವನ ಎರಡು ತಿಂಗಳ ಸಂಬಳದಷ್ಟು ಬೆಲೆಯದೆಂದು ಅವನೇ ಹೇಳಿದ ಬೂಟು. ಬೆಂಗಳೂರಿನ ಒಂದು ಸಣ್ಣ ಕಂಪನಿಯವನು. ಹೆಸರು ಬೇಡ, ಎರಡು ರೂಮಿನ ಆಫೀಸಿನ ಕಂಪನಿಗೆ ಹೆಸರಿನ ಭಾರವೇಕೆ? ‘ಬೇಸ್ ಮೆಟಲ್ ಹುಡುಕ್ತಿದೀವಿ ಸಾರ್’ ಅಂದ. ಚಿಕ್ಕಪ್ಪ ‘ಅಂದ್ರೆ?’ ಅಂದರು. ‘ತಾಮ್ರ, ಸತು, ಸೀಸ, ನಿಕ್ಕಲ್. ಇಂಥವು ಗೌಡ್ರೇ.’ ಚಿಕ್ಕಪ್ಪನ ಮುಖದ ಗಂಟು ಸ್ವಲ್ಪ ಸಡಿಲವಾಯಿತು. ಚಿನ್ನ ಅಂದಿದ್ದರೆ ಅವರು ನಂಬುತ್ತಿರಲಿಲ್ಲ. ತಾಮ್ರ ಅಂದದ್ದರಿಂದ ಇವನು ಮನೆಯವನ ಹಾಗೆ ಕಂಡ.

ಪತ್ರಿಕೆಯವರು ಈ ಬೇಸ್ ಮೆಟಲ್ಲನ್ನು ‘ಮೂಲ ಲೋಹ’ ಎಂದು ಬರೆಯುತ್ತಾರೆ. ಇಂಗ್ಲಿಷಿನವರು ಅದಕ್ಕೆ ಇಟ್ಟ ಅರ್ಥ ಕೀಳು ಲೋಹ ಎಂದು. ಗಾಳಿಗೆ ಬಣ್ಣಗೆಡುತ್ತದೆ, ಬೆಂಕಿಗೆ ಕಪ್ಪಾಗುತ್ತದೆ, ಚಿನ್ನದ ಹಾಗೆ ಮಾನ ಉಳಿಸಿಕೊಳ್ಳುವುದಿಲ್ಲ ಎಂಬ ಕಾರಣಕ್ಕೆ. ಈ ಮಾತು ನಮ್ಮಜ್ಜಿಯ ಕಿವಿಗೆ ಬಿದ್ದಿದ್ದರೆ ಅವಳು ಆ ಇಂಗ್ಲಿಷಿನವನನ್ನು ಬಚ್ಚಲಮನೆಗೆ ಕರೆದೊಯ್ದು ಹಂಡೆಯ ಮುಂದೆ ನಿಲ್ಲಿಸುತ್ತಿದ್ದಳು. ಒಳಗೆ ಕಲಾಯಿ, ಹೊರಗೆ ಹೊಗೆಯ ಕಪ್ಪು, ಹಬ್ಬದ ಹಿಂದಿನ ದಿನ ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ಉಜ್ಜಿದರೆ ಸಂಜೆಸೂರ್ಯ. ನಮ್ಮ ಮನೆ ಪಾಲಾದಾಗ ಚಿನ್ನದ ವಿಷಯಕ್ಕೆ ಜಗಳವೇ ಆಗಲಿಲ್ಲ, ಇದ್ದರಲ್ಲವೇ ಆಗುವುದು. ಆದದ್ದೆಲ್ಲ ಹಂಡೆಯ ವಿಷಯಕ್ಕೆ. ದೊಡ್ಡಪ್ಪನಿಗೆ ಹೋಯಿತು. ಅದಕ್ಕಾಗಿ ಚಿಕ್ಕಮ್ಮ ಆ ಮನೆಯ ಎರಡು ಮದುವೆಗೆ ಹೋಗಲಿಲ್ಲ. ಆಮೇಲೆ ಗೀಸರು ಬಂತು, ಹಂಡೆ ಗುಜರಿಯವನ ತಕ್ಕಡಿ ಏರಿತು. ಮದುವೆಗೆ ಹೋಗದೆ ಉಳಿದದ್ದು ಮಾತ್ರ ಹಾಗೇ ಉಳಿಯಿತು.

ಹುಡುಗನ ಲೆಕ್ಕ ಕೇಳಿದ ಮೇಲೆ ಹಂಡೆಯ ಬೆಲೆ ನನಗೆ ಬೇರೆ ರೀತಿ ಕಂಡಿತು. ನೂರಕ್ಕೆ ಒಂದು ಪಾಲು ತಾಮ್ರ ಇರುವ ಕಲ್ಲೆಂದರೆ ಒಳ್ಳೆಯ ಅದಿರೇ ಅಂತೆ. ಅರ್ಧ ಪಾಲಿದ್ದರೂ ತೆರೆದ ಗಣಿಯಾದರೆ ಎಷ್ಟೋ ಕಡೆ ತೆಗೆಯುತ್ತಾರೆ. ಅಂದರೆ ಒಳ್ಳೆಯ ಅದಿರೇ ಆದರೂ ಒಂದು ಟನ್ ಕಲ್ಲು ಒಡೆದು, ಅರೆದು, ತೇಲಿಸಿ, ಕರಗಿಸಿದರೆ ಹತ್ತು ಕಿಲೋ. ಒಂದು ಲಾರಿ ಲೋಡು ಕಲ್ಲಿಗೆ ಒಂದು ಬಚ್ಚಲಮನೆಯ ಸಾಮಾನು ಹುಟ್ಟಿದರೆ ಹೆಚ್ಚು.

ಕೊರೆಯುವ ವಿದ್ಯೆ ನೋಡಿಯೇ ತಿಳಿಯಬೇಕು. ನಮ್ಮ ಬೋರಿನ ಲಾರಿ ಕಲ್ಲನ್ನು ಕುಟ್ಟಿ ಪುಡಿ ಮಾಡಿ ಗಾಳಿಯಿಂದ ಊದಿ ಎಸೆಯುತ್ತದೆ. ಅದಕ್ಕೆ ಕಲ್ಲು ಯಾವುದೆಂದು ತಿಳಿಯಬೇಕಾದ ಅಗತ್ಯವಿಲ್ಲ, ತೂತು ಬೇಕು ಅಷ್ಟೆ. ಇವರಿಗೆ ತೂತು ಬೇಡ, ತೂತಿನೊಳಗೆ ಇದ್ದದ್ದು ಬೇಕು. ಪೈಪಿನ ತುದಿಯಲ್ಲಿ ಬಳೆಯಂಥ ಒಂದು ಬಿಟ್ಟು. ಆ ಬಳೆಯ ಬಾಯಿಯಲ್ಲಿ ವಜ್ರದ ಹರಳುಗಳು, ಕಣ್ಣಿಗೆ ಮರಳಿನ ಹಾಗೆ ಕಾಣುವಂಥವು. ಅದು ಗಿರ್ರನೆ ತಿರುಗುತ್ತ ಸುತ್ತಲ ಕಲ್ಲನ್ನು ಮಾತ್ರ ಸವೆಸುತ್ತದೆ. ನಡುವಿನ ಕಲ್ಲು ಕಂಬವಾಗಿ ಪೈಪಿನೊಳಗೇ ಏರಿಕೊಳ್ಳುತ್ತದೆ. ಬಿಟ್ಟು ಕಾಯದಿರಲಿ, ಪುಡಿ ತೊಳೆದು ಬರಲಿ ಎಂದು ಮೇಲಿನಿಂದ ನೀರು. ಮೂರು ಮೀಟರ್ ಆದಾಗೊಮ್ಮೆ ತಂತಿ ಇಳಿಸಿ ಒಳಗಿನ ನಳಿಗೆಯನ್ನು ಎಳೆದು, ಬಡಿದು, ಕಂಬವನ್ನು ಜಾರಿಸಿ ಹೊರಗೆ ತೆಗೆಯುತ್ತಾರೆ. ಒದ್ದೆಯಾದ, ತಣ್ಣಗಿನ, ಲಟ್ಟಣಿಗೆ ದಪ್ಪದ ಕಲ್ಲು. 47 ಮಿಲಿಮೀಟರಿಗೆ ಸ್ವಲ್ಪ ಮೇಲೆ ಅಂದ ಹುಡುಗ. ಮೊದಲ ಸಲ ಈ ವಜ್ರದ ಬಳೆಯನ್ನು ತಿರುಗಿಸಿದವರು ಜಿನೀವಾದ ಗಡಿಯಾರದ ಮನೆತನದ ಲೆಶೋ ಎಂಬುವರು, 1860ರ ದಶಕದಲ್ಲಿ, ಆಲ್ಪ್ಸ್ ಬೆಟ್ಟದ ಸುರಂಗದ ಕೆಲಸಕ್ಕೆ ಎಂದು ಎಲ್ಲೋ ಓದಿದ್ದೆ. ಗಡಿಯಾರದವನಿಗೇ ಹೊಳೆಯಬೇಕಾದ ಕೆಲಸ ಅದು. ಅಷ್ಟು ತಾಳ್ಮೆ ಬೇರೆ ಯಾರಿಗಿದೆ?

ಬಿಟ್ಟಿನಲ್ಲಿ ವಜ್ರ ಇದೆ ಎಂದು ಹುಡುಗ ಬಾಯಿ ತಪ್ಪಿ ಹೇಳಿದ್ದು ತಪ್ಪಾಯಿತು. ಸಂಜೆಯೊಳಗೆ ಊರೆಲ್ಲ ಸುದ್ದಿ. ‘ವಜ್ರ ಹಚ್ಚಿ ತಾಮ್ರ ಹುಡುಕ್ತಾರಂತೆ! ವಜ್ರನೇ ಇರೋವಾಗ ತಾಮ್ರ ಯಾಕ್ ಬೇಕ್ಲಾ ಇವಕ್ಕೆ?’ ಎಂದು ಅರಳಿಕಟ್ಟೆಯಲ್ಲಿ ಎದ್ದ ಪ್ರಶ್ನೆಗೆ ನನಗೆ ಇವತ್ತಿಗೂ ಉತ್ತರ ತೋಚಿಲ್ಲ. ಕಾರ್ಖಾನೆಯಲ್ಲಿ ಮಾಡಿದ ವಜ್ರ ಅದು ಎಂದರೆ ಯಾರೂ ಕೇಳಲಿಲ್ಲ. ಮಾರನೇ ದಿನದಿಂದ ರಾತ್ರಿ ಪಾಳಿಗೆ ಕಾವಲು ಇಡಬೇಕಾಯಿತು.

ಓರೆಗೆ ಕೊರೆಯುವುದರ ಗುಟ್ಟನ್ನು ಹುಡುಗ ಕಪಾಟಿನ ಲೆಕ್ಕದಲ್ಲಿ ಹೇಳಿದ. ಇಲ್ಲಿಯ ಕಲ್ಲು ಹಾಸಿಗೆ ಹಾಸಿದ ಹಾಗೆ ಮಲಗಿಲ್ಲ, ಕಪಾಟಿನಲ್ಲಿ ಜೋಡಿಸಿದ ಪುಸ್ತಕದ ಹಾಗೆ ಕಡಿದಾಗಿ ನಿಂತಿದೆ. ನೆಟ್ಟಗೆ ಕೊರೆದರೆ ಒಂದೇ ಪುಸ್ತಕದೊಳಗೆ ಇಳಿದು ಹೋಗುತ್ತೇವೆ. ಓರೆಯಾಗಿ ಹೊಡೆದರೆ ಒಂದಾದ ಮೇಲೊಂದು ಪುಸ್ತಕ ದಾಟುತ್ತದೆ, ಯಾವುದರಲ್ಲಿ ಏನು ಬರೆದಿದೆ ಎಂದು ಗೊತ್ತಾಗುತ್ತದೆ. ಚಿಕ್ಕಪ್ಪ ಕೇಳಿ ತಲೆಯಾಡಿಸಿದರು. ಆದರೂ ರಾತ್ರಿ ಹೊಲದ ಬಾವಿಗೆ ಕಲ್ಲು ಕಟ್ಟಿದ ಹಗ್ಗ ಬಿಟ್ಟು ನೀರಿನ ಮಟ್ಟ ಅಳೆದು ಬಂದರಂತೆ.

ಕಂಬಗಳನ್ನು ಮೀಟರುದ್ದದ ಪೆಟ್ಟಿಗೆಗಳಲ್ಲಿ, ಐದೈದು ಸಾಲಾಗಿ, ಎಡದಿಂದ ಬಲಕ್ಕೆ, ಪುಸ್ತಕ ಓದುವ ಕ್ರಮದಲ್ಲೇ ಇಡುತ್ತಾರೆ. ನಡುನಡುವೆ ಆಳ ಬರೆದ ಮರದ ತುಂಡು. ಹುಡುಗ ಮಗ್ಗಿನಿಂದ ನೀರು ಚಿಮುಕಿಸಿದ. ಬೂದಿಯಂತಿದ್ದ ಕಲ್ಲು ಒಮ್ಮೆಗೇ ಕಡುಹಸಿರಾಯಿತು. ಒಂದು ಕಡೆ ಬಿಳಿ ಗೆರೆ, ಅದರ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಹಳದಿ ಹೊಳಪು. ಅವನು ಮೊಳಕಾಲೂರಿ ಕೂತು, ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡು, ಮೂಗು ಕಲ್ಲಿಗೆ ತಗಲುವಷ್ಟು ಬಗ್ಗಿದ. ಸೂಜಿಯಿಂದ ಗೀರಿದ. ಸೊರಗಿದ ಮುಖದಲ್ಲಿ ಎದ್ದ. ‘ಪೈರೈಟು ಸಾರ್. ಬರೀ ಕಬ್ಬಿಣ, ಗಂಧಕ. ತಾಮ್ರದ್ದಾಗಿದ್ರೆ ಇನ್ನೂ ಹಿತ್ತಾಳೆ ಬಣ್ಣ ಬರ್ತಿತ್ತು, ಸೂಜಿಗೆ ಬೇಗ ಗೀರು ಬೀಳ್ತಿತ್ತು.’ ಇಷ್ಟು ದಿನದ ಗುರ್ ಗುರ್, ಟ್ಯಾಂಕರ್ ನೀರು, ವಜ್ರ, ಕಾವಲು, ಎಲ್ಲದರ ತೀರ್ಪು ಒಂದು ಸೂಜಿಯ ಗೀರಿನಲ್ಲಿ ಮುಗಿದದ್ದು ನೋಡಿ ನನಗೇ ಬೇಸರವಾಯಿತು. ಬೆಟ್ಟ ಅಗೆದು ಇಲಿ ಹಿಡಿದರು ಎಂದು ನಾವು ನಗುತ್ತೇವೆ. ಇವರಿಗೆ ಇಲಿ ಬೇಡ, ಇಲಿಯ ಬಾಲ ಸಿಕ್ಕಿದ್ದರೂ ಬೆಂಗಳೂರಿನ ಆಫೀಸಿನಲ್ಲಿ ಸಿಹಿ ಹಂಚುತ್ತಿದ್ದರು.

ಹಾಗೆಂದು ಈ ಕಲ್ಲು ಬರಿಗಲ್ಲು ಅಲ್ಲ. ಹೊಳೆನರಸೀಪುರ ಎಂದರೆ ನಿಮಗೆ ರಾಜಕೀಯ ನೆನಪಾಗುತ್ತದೆ, ಭಕ್ತರಿಗೆ ಹೇಮಾವತಿ ದಂಡೆಯ ಲಕ್ಷ್ಮೀನರಸಿಂಹ. ಪ್ರಪಂಚದ ಭೂವಿಜ್ಞಾನಿಗಳಿಗೆ ಮಾತ್ರ ಇದು ಒಂದು ಕಲ್ಲುಪಟ್ಟಿಯ ಹೆಸರು. ಕುರುಂದ, ಕಲ್ನಾರು, ಕಯನೈಟು ಎಂದು ಹಿಂದಿನಿಂದಲೂ ಈ ತಾಲ್ಲೂಕಿನ ಹೊಲಗಳಲ್ಲಿ ಹೆಕ್ಕಿದ್ದಾರೆ. ನೇಗಿಲಿಗೆ ಸಿಕ್ಕ ಕುರುಂದ ಸಾಣೆ ಹಿಡಿಯುವವನ ಚಕ್ರಕ್ಕೆ ಹೋಗುತ್ತಿತ್ತು. ಪಕ್ಕದ ಗೊರೂರು, ಹಾಸನದ ಸೀಮೆಯ ಕಲ್ಲಿನ ವಯಸ್ಸು 336 ಕೋಟಿ ವರ್ಷ ಎಂದು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಭೂಮಿಯ ವಯಸ್ಸೇ 450 ಕೋಟಿ ಚಿಲ್ಲರೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ತಮ್ಮ ಹಳ್ಳಿಯ ಯಾರನ್ನೂ ಬಿಡದೆ ಬರೆದರು, ಕಾಲ ಕೆಳಗಿನ ಈ ಮುದುಕನನ್ನು ಮಾತ್ರ ಬಿಟ್ಟರು. ಬರೆದಿದ್ದರೆ ಅವನಿಗೂ ಒಂದು ಅಡ್ಡಹೆಸರು ಸಿಗುತ್ತಿತ್ತು.

ಪೈರೈಟಿನ ಬೇಸರಕ್ಕೋ ಏನೋ, ಹುಡುಗ ಪೆಟ್ಟಿಗೆಯ ಹೊರಗೆ ಬಿದ್ದಿದ್ದ ಒಂದು ಗೇಣುದ್ದದ ತುಂಡನ್ನು ನನಗೆ ಕೊಟ್ಟ. ‘ಏನೂ ಇಲ್ಲದ ಕಲ್ಲು ಸಾರ್, ಇಟ್ಕೊಳಿ. ಮುನ್ನೂರು ಕೋಟಿ ವರ್ಷಕ್ಕೆ ಮೋಸ ಇಲ್ಲ.’ ಮೇಜಿನ ಮೇಲೆ ಕಾಗದಕ್ಕೆ ಭಾರವಾಗಿ ಇಡೋಣವೆಂದು ಚಿಕ್ಕಪ್ಪನ ಮನೆಯ ಜಗಲಿಯಲ್ಲಿಟ್ಟು ಕಾಫಿ ಕುಡಿದು ಏಳುವಷ್ಟರಲ್ಲಿ ಕಾಣೆ. ಒಳಗೆ ಚಿಕ್ಕಮ್ಮ ಅದರಿಂದ ಬೆಳ್ಳುಳ್ಳಿ ಜಜ್ಜುತ್ತಿದ್ದರು. ವಯಸ್ಸು ಹೇಳಿದೆ. ಕೈಯಲ್ಲಿ ತೂಗಿ ನೋಡಿ, ‘ಗುಂಡಗೆ ಚೆನ್ನಾಗೈತೆ, ಹಳೇದು ಅಂತ ಎಲ್ಲೂ ಸವೆದಿಲ್ಲ’ ಅಂದರು. ನಾನು ವಾಪಸು ಕೇಳಲಿಲ್ಲ, ಅವರು ಕೊಡಲಿಲ್ಲ.

ಕಲ್ಲು ಬಡಿದು ನೋಡುವ ಕಸುಬಿಗೂ ಕನ್ನಡದ ನಗೆಗೂ ಹಳೇ ನೆಂಟಸ್ತಿಕೆಯಿದೆ. ಮೈಸೂರು ಸಂಸ್ಥಾನದಲ್ಲಿ 1894ರಲ್ಲೇ ಭೂವಿಜ್ಞಾನದ ಇಲಾಖೆ ಶುರುವಾಯಿತು. ಮೊದಲ ಮುಖ್ಯಸ್ಥ ರಾಬರ್ಟ್ ಬ್ರೂಸ್ ಫೂಟ್. ಮದರಾಸಿನ ಪಲ್ಲಾವರಂನಲ್ಲಿ 1863ರಲ್ಲಿ ಆದಿಮಾನವನ ಕಲ್ಲುಗೊಡಲಿ ಹೆಕ್ಕಿದ ಮಹಾಶಯನೇ ಇವನು. ನಮ್ಮ ಸೀಮೆಯ ಹಳೇ ಚಿನ್ನದ ಗುಂಡಿಗಳನ್ನೂ 1887ರಲ್ಲಿ ಸುತ್ತಿ ನೋಡಿದ್ದ. ಆ ಇಲಾಖೆಯಲ್ಲಿ ಮುಂದೆ ಕೆಲವು ವರ್ಷ ನೌಕರಿ ಮಾಡಿ ಬಿಟ್ಟವರು ಟಿ.ಪಿ. ಕೈಲಾಸಂ. ಲಂಡನ್ನಿನಲ್ಲಿ ಓದಿ ಬಂದದ್ದು ಭೂವಿಜ್ಞಾನ, ಹೆಸರು ಮಾಡಿದ್ದು ನಾಟಕದಲ್ಲಿ. ಹೆಸರು ತಂದ ನಾಟಕವಾದರೂ ಯಾವುದು? ‘ಟೊಳ್ಳುಗಟ್ಟಿ’. ಸುತ್ತಿಗೆಯಲ್ಲಿ ಬಡಿದು ಟೊಳ್ಳೋ ಗಟ್ಟಿಯೋ ಎಂದು ಕೇಳಿ ಅಭ್ಯಾಸವಾದ ಕಿವಿಗೇ ಆ ಹೆಸರು ಹೊಳೆದಿರಬೇಕು ಎಂಬುದು ನನ್ನ ಊಹೆ, ಯಾರೂ ಒಪ್ಪಬೇಕಾಗಿಲ್ಲ. ಅವರ ತಂದೆ ಜಸ್ಟಿಸ್ ಪರಮಶಿವ ಅಯ್ಯರ್ ಇನ್ನೂ ಒಂದು ಕೈ ಮೇಲೆ. ಋಗ್ವೇದದಲ್ಲಿ ಇರುವುದೆಲ್ಲ ಭೂಮಿಯ ಮರುಹುಟ್ಟಿನ ಕಥೆ, ಹಿಮ ಕರಗಿ ನೆಲ ಎದ್ದ ಕಥೆ ಎಂದು 1911ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು. ಶ್ರೀ ಅರವಿಂದರು ಅದನ್ನು ಗಮನಿಸಿ ಬರೆದಿದ್ದಾರೆ. ಅಪ್ಪ ವೇದದಲ್ಲಿ ಕಲ್ಲು ಹುಡುಕಿದರು, ಮಗ ಕಲ್ಲಿನ ಇಲಾಖೆಯಿಂದ ಎದ್ದು ಬಂದು ಮನುಷ್ಯರನ್ನು ಹುಡುಕಿದರು.

ಎಲ್ಲಿದ್ದೆ? ಸಣ್ಣ ಕಂಪನಿ. ಇವರ ಬಾಳು ನಮ್ಮ ಬೋರು ಕೊರೆಸುವ ರೈತನ ಬಾಳೇ, ಸೂಟು ಬೂಟಿನಲ್ಲಿ. ಇದ್ದ ಹಣವೆಲ್ಲ ನಾಲ್ಕೈದು ತೂತಿಗೆ. ಒಂದರಲ್ಲಾದರೂ ಬೀಳದಿದ್ದರೆ ಬಾಗಿಲು ಹಾಕಬೇಕು. ಮುಂದಿನ ತೂತಿಗೆ ಹಣ ಬೇಕಾದರೆ ಹಿಂದಿನ ತೂತಿನ ಬಗ್ಗೆ ಒಳ್ಳೆಯ ಮಾತು ಬರೆಯಬೇಕು. ಹೀಗಾಗಿ ಇವರ ಪ್ರಕಟಣೆಗಳದು ಗಂಡು-ಹೆಣ್ಣು ಕೂಡಿಸುವ ದಲ್ಲಾಳಿಯ ಭಾಷೆ. ‘ಫಲಿತಾಂಶ ಆಶಾದಾಯಕವಾಗಿದೆ’ ಅಂದರೆ ಏನೂ ಸಿಕ್ಕಿಲ್ಲ. ‘ಇನ್ನೂ ಆಳಕ್ಕೆ ಮುಂದುವರಿಯುವ ಸಾಧ್ಯತೆ ಇದೆ’ ಅಂದರೆ ದುಡ್ಡು ಮುಗಿದಿದೆ. ನಮ್ಮ ಕಡೆ ಹುಡುಗನಿಗೆ ಕೆಲಸವಿಲ್ಲದಿದ್ದರೆ ‘ಬಲು ಸಾಧು’ ಅನ್ನುವುದಿಲ್ಲವೇ, ಹಾಗೆ.

ಒಮ್ಮೊಮ್ಮೆ ಬಿದ್ದೂಬಿಡುತ್ತದೆ. ಕೋಲಾರದ ಕಥೆ ಎಲ್ಲರಿಗೂ ಗೊತ್ತು ಅಂದುಕೊಂಡಿದ್ದೇವೆ, ಅದರ ಮೊದಲ ಅಂಕ ಮಾತ್ರ ಗೊತ್ತಿಲ್ಲ. ಮೈಕಲ್ ಲವೆಲ್ ಎಂಬ ನಿವೃತ್ತ ಸಿಪಾಯಿ 1870ರ ದಶಕದಲ್ಲಿ ಗಣಿ ಹುಡುಕುವ ಪರವಾನಗಿ ಪಡೆದ. ಹಣ ಸಾಲದೆ ಹಕ್ಕನ್ನು ಬೇರೆಯವರಿಗೆ ದಾಟಿಸಿದ. ಅವನಿಗೆ ಉಳಿದದ್ದು ಬೆಂಗಳೂರಿನಲ್ಲಿ ಒಂದು ರಸ್ತೆಯ ಹೆಸರು. 1880ರಲ್ಲಿ ಹುಟ್ಟಿದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಮೂರು ವರ್ಷ ಅಗೆದು, ಬಂಡವಾಳ ಕರಗಿ 13,000 ಪೌಂಡಿಗೆ ಬಂದು ನಿಂತಿತು. ಷೇರುದಾರರು ಉಳಿದದ್ದನ್ನು ಹಂಚಿಕೊಂಡು ಮನೆಗೆ ಹೋಗೋಣ ಎಂದರು. ಜಾನ್ ಟೇಲರ್ ಎಂಬುವರು ಹಟ ಹಿಡಿದು ಅದನ್ನೂ ಸುರಿಸಿದರು. ಕ್ಯಾಪ್ಟನ್ ಪ್ಲಮ್ಮರ್ ಹಳೇ ಕಾಲದವರು ತೋಡಿ ಬಿಟ್ಟ ಗುಂಡಿಗಳ ಕೆಳಗೇ ಇಳಿದ. ಚಾಂಪಿಯನ್ ರೀಫ್ ಸಿಕ್ಕಿತು, 2001ರ ತನಕ ನಡೆಯಿತು. ಅದೇ ಹೊತ್ತಿನಲ್ಲಿ, ನಮ್ಮ ಪಕ್ಕದ ವಯನಾಡಿನಲ್ಲಿ, ಮೂವತ್ತಕ್ಕೂ ಹೆಚ್ಚು ಕಂಪನಿಗಳು ಲಂಡನ್ನಿನ ಹಣ ತಂದು ಕಾಫಿತೋಟ ಅಗೆದು ಮುಳುಗಿದವು. ಅವರ ಹೆಸರಿನಲ್ಲಿ ಯಾವ ರಸ್ತೆಯೂ ಇದ್ದ ಹಾಗಿಲ್ಲ.

ತಾಮ್ರದ ಕಥೆ ಬೇಕೆಂದರೆ ಕೆನಡಾಕ್ಕೆ ಹೋಗಬೇಕು. ಒಂಟಾರಿಯೋದ ಟಿಮ್ಮಿನ್ಸ್ ಬಳಿ ಟೆಕ್ಸಾಸ್ ಗಲ್ಫ್ ಸಲ್ಫರ್ ಎಂಬ ಕಂಪನಿ 1963ರ ನವೆಂಬರಿನಲ್ಲಿ ಒಂದು ತೂತು ಕೊರೆಯಿತು. ಕಂಬ ಹೊರಬಂದಾಗ ಬರಿಗಣ್ಣಿಗೇ ತಾಮ್ರ ಕಂಡಿತಂತೆ. ಕೂಡಲೇ ಎಲ್ಲರ ಬಾಯಿಗೆ ಬೀಗ. ಸುತ್ತಲ ಜಮೀನೆಲ್ಲ ಕೈಗೆ ಬಂದ ಮೇಲೆ, 1964ರ ಏಪ್ರಿಲ್ಲಿನಲ್ಲಿ ಬಾಯಿ ಬಿಟ್ಟರು. ಊರಿಗೆ ಊರೇ ಹುಚ್ಚಾಯಿತು. ಆಗ ಅಲ್ಲೇ ಒಂದು ತುಂಡು ಜಾಗ ಹಿಡಿದಿದ್ದವರು ವಯೋಲಾ ಮ್ಯಾಕ್‌ಮಿಲನ್ ಎಂಬ ಗಟ್ಟಿಗಿತ್ತಿ, ಅವರ ಸಣ್ಣ ಕಂಪನಿ ವಿಂಡ್‌ಫಾಲ್. ಜುಲೈನಲ್ಲಿ ತೂತು ಕೊರೆಸಿದರು, ಅರ್ಧಕ್ಕೆ ನಿಲ್ಲಿಸಿದರು, ಕಲ್ಲಿನ ಕಂಬಗಳನ್ನು ಸಾಗಿಸಿದರು, ಸುಮ್ಮನಾದರು. ಸಿಕ್ಕಿತು ಅನ್ನಲಿಲ್ಲ, ಸಿಗಲಿಲ್ಲ ಅಂತಲೂ ಅನ್ನಲಿಲ್ಲ. ಆ ಮೌನಕ್ಕೇ ಅರ್ಧ ಡಾಲರಿನ ಷೇರು ಐದು ಡಾಲರ್ ದಾಟಿತು. ತಿಂಗಳ ಕೊನೆಗೆ ಏನೂ ಇಲ್ಲ ಎಂದು ಹೊರಬಿದ್ದಾಗ ಸಾವಿರಾರು ಜನರ ಉಳಿತಾಯ ಕೊಚ್ಚಿಹೋಯಿತು. ಆ ತಾಯಿ ಮುಂದೆ ಇನ್ನೊಂದು ಷೇರಿನಾಟಕ್ಕೆ ಕೆಲವು ವಾರ ಜೈಲು ಕಂಡರು. 1993ರಲ್ಲಿ ಅದೇ ದೇಶ ಅವರಿಗೆ ಆರ್ಡರ್ ಆಫ್ ಕೆನಡಾ ಕೊಟ್ಟು ಸನ್ಮಾನಿಸಿತು. ಎಲ್ಲ ಊರೂ ಒಂದೇ ಎಂದು ನನಗೆ ಸಮಾಧಾನವಾದದ್ದು ಇದನ್ನು ಓದಿದಾಗ.

ಇಂಥದ್ದು ಆಗಬಾರದು ಎಂದೇ ಕಂಬವನ್ನು ಉದ್ದಕ್ಕೆ ಸೀಳಿ, ಅರ್ಧ ಪ್ರಯೋಗಾಲಯಕ್ಕೆ ಕಳಿಸಿ, ಅರ್ಧವನ್ನು ಪೆಟ್ಟಿಗೆಯಲ್ಲೇ ಇಡುವ ಪದ್ಧತಿ. ಯಾರು ಬೇಕಾದರೂ ಮತ್ತೆ ಪರೀಕ್ಷೆ ಮಾಡಿಸಬಹುದು. ಬ್ರೆ-ಎಕ್ಸ್ ಎಂಬ ಇನ್ನೊಂದು ಕೆನಡಾ ಕಂಪನಿ ಇಂಡೋನೇಷ್ಯಾದಲ್ಲಿ ಅರ್ಧ ಉಳಿಸದೆ ಪೂರ್ತಿ ಪುಡಿ ಮಾಡಿಸಿತು. ಪುಡಿಗೆ ಹೊರಗಿನಿಂದ ಚಿನ್ನದ ಚೂರು ಬೆರೆಸುತ್ತಿದ್ದರೆಂದು 1997ರಲ್ಲಿ ಗೊತ್ತಾಗುವ ಹೊತ್ತಿಗೆ ಆ ಕಂಪನಿಯ ಬೆಲೆ ನೂರಾರು ಕೋಟಿ ಡಾಲರ್ ಮುಟ್ಟಿತ್ತು. ಅಡುಗೆಗೆ ರುಚಿ ಬರಲಿ ಎಂದು ಉಪ್ಪು ಹಾಕುವುದು ಕೇಳಿದ್ದೇವೆ, ಕಲ್ಲಿಗೆ ಚಿನ್ನ ಹಾಕುವುದು ಇದೇ ಮೊದಲು. ನಮ್ಮ ಹುಡುಗ ಮಾತ್ರ ಪ್ರತಿ ಅರೆಗಂಬದ ಮೇಲೂ ನಂಬರು ಬರೆದು, ಫೋಟೋ ತೆಗೆದು, ಪೆಟ್ಟಿಗೆ ಮುಚ್ಚುತ್ತಿದ್ದ. ಚಿಕ್ಕಮ್ಮನ ಅಡುಗೆಮನೆಗೆ ಹೋದ ತುಂಡಿನ ಲೆಕ್ಕ ಹೇಗೆ ಬರೆದನೋ, ಕೇಳಲಿಲ್ಲ.

ಅವನನ್ನು ಈ ಸೀಮೆಗೆ ಎಳೆದು ತಂದದ್ದು ಬರೀ ಕನಸಲ್ಲ. ನಮ್ಮ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಕಲ್ಯಾಡಿಯಲ್ಲಿ ತಾಮ್ರದ ಗಣಿಯೇ ಇತ್ತು, ಹಟ್ಟಿ ಚಿನ್ನದ ಗಣಿಯವರ ಕೈಯಲ್ಲಿ ನಡೆದು ನಿಂತಿತು. ಅವರಿಗಿಂತ ಎಷ್ಟೋ ಮೊದಲೇ ಯಾರೋ ಅಲ್ಲಿ ತೋಡಿದ ಗುಂಡಿಗಳಿದ್ದವು. ಭೂಪಟವಿಲ್ಲ, ವಜ್ರವಿಲ್ಲ. ಕಲ್ಲಿನ ಮೇಲೆ ಹಿಡಿದ ಹಸಿರು ಕಿಲುಬು ನೋಡಿಯೇ ಕೆಳಗೆ ತಾಮ್ರವಿದೆ ಎಂದು ಹೇಳಿದ ಪುಣ್ಯಾತ್ಮರು ಅವರು. ಹಂಡೆಗೆ ಹಿಡಿಯುವ ಅದೇ ಕಿಲುಬು. ಇತ್ತ ಚನ್ನರಾಯಪಟ್ಟಣದ ನುಗ್ಗೇಹಳ್ಳಿ ಪಟ್ಟಿಯಲ್ಲಿ ಬೈರಾಪುರದ ಕ್ರೋಮೈಟ್ ಗಣಿ. ಮೈಸೂರು ಮಿನರಲ್ಸ್‌ನವರು ಸುರಂಗ ಇಳಿಸಿ ತೆಗೆದರು, ಅದೂ ನಿಂತಿದೆ. ಕ್ರೋಮೈಟಿನಿಂದ ಬರುವ ಕ್ರೋಮಿಯಂ ಇಲ್ಲದೆ ಸ್ಟೇನ್‌ಲೆಸ್ ಸ್ಟೀಲಿಲ್ಲ. ನಮ್ಮಜ್ಜಿಯ ತಾಮ್ರ ಹಿತ್ತಾಳೆಯನ್ನು ಅಟ್ಟಕ್ಕೆ ಓಡಿಸಿದ ಶತ್ರು ಪಕ್ಕದ ತಾಲ್ಲೂಕಿನ ನೆಲದಲ್ಲೇ ಇದ್ದ ಅನ್ನಿ.

ಅದೇ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯವಿದೆ, ಹೊಯ್ಸಳರದು. ಕಲ್ಲು ಬಳಪದ ಕಲ್ಲು. ಅಗೆದಾಗ ಮೆತ್ತಗೆ, ಗಾಳಿ ಬಡಿದ ಮೇಲೆ ಗಟ್ಟಿ. ಕ್ರೋಮೈಟು, ನಿಕ್ಕಲ್ ಹುಡುಕುವವರು ಬೆನ್ನು ಹತ್ತುವ ಕಪ್ಪು ಹಸಿರು ಕಲ್ಲುಗಳ ಬಂಧು ಅದು. ಕಾಲಾಂತರದಲ್ಲಿ ಬಿಸಿನೀರು, ಒತ್ತಡ ಕಂಡು ಮೆತ್ತಗಾದದ್ದು. ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ಅದರ ಮೇಲೆ ಹೆಸರು ಕೆತ್ತಿ ಹೋಗಿದ್ದಾರೆ. ಒಳಗಿನ ಲೋಹ ಕೇಳದೆ, ಕಲ್ಲನ್ನೇ ಕೇಳಿದವರು. ಈ ಪಟ್ಟಿಯಿಂದ ಲಾಭ ಮಾಡಿಕೊಂಡವರು ಅವರಷ್ಟೇ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಈಗ ಕಾನೂನು ಬದಲಾಗಿದೆ ಎಂದು ಹುಡುಗ ಉತ್ಸಾಹದಲ್ಲಿ ಹೇಳುತ್ತಿದ್ದ. ಬದಲಾದದ್ದು 2023ರಲ್ಲಿ. ತಾಮ್ರ, ಸತು, ನಿಕ್ಕಲ್, ಚಿನ್ನ ಮುಂತಾದ 29 ಖನಿಜಗಳಿಗೆ ಶೋಧನೆಯದೇ ಬೇರೆ ಲೈಸೆನ್ಸು. ಹುಡುಕುವವನು ಗಣಿ ಮಾಡಬೇಕಾಗಿಲ್ಲ. ಅವನು ತೋರಿಸಿದ ಜಾಗವನ್ನು ಮುಂದೆ ಹರಾಜಿನಲ್ಲಿ ಹಿಡಿದವನು ಸರ್ಕಾರಕ್ಕೆ ಕಟ್ಟುವ ಹಣದಲ್ಲಿ ಇವನಿಗೊಂದು ಪಾಲು. ಎಷ್ಟು ಪಾಲು ಎಂಬುದಕ್ಕೂ ಹರಾಜು, ಅದು ಉಲ್ಟಾ. ಕಡಿಮೆ ಕೇಳಿದವನಿಗೆ ಲೈಸೆನ್ಸು. ಹೆಣ್ಣು ತೋರಿಸಿದವನಿಗೆ ಮದುವೆಯ ದಿನ ಎಲೆ ಹಾಕುತ್ತೇವೆ, ಆದರೆ ಹಪ್ಪಳ ಬೇಡ, ಪಾಯಸ ಬೇಡ ಎಂದವನನ್ನು ಮಾತ್ರ ದಲ್ಲಾಳಿಯಾಗಿ ಒಪ್ಪುತ್ತೇವೆ ಎಂದ ಹಾಗಾಯಿತು. ಮದುವೆಯೇ ಆಗದಿದ್ದರೆ ನೀರೂ ಇಲ್ಲ.

ಊರಿನ ಕೋಟೆಯ ಕಡೆಯ ನನ್ನ ಸ್ನೇಹಿತರೊಬ್ಬರಿಗೆ ಇದೆಲ್ಲ ಹೇಳಿದೆ. ಹೊಳೆನರಸೀಪುರದಲ್ಲಿ ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು ಕಟ್ಟಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಪುಸ್ತಕ ಓದಿಕೊಂಡೇ ಮುದುಕರಾದವರು ಅವರು. ಛಾಂದೋಗ್ಯದಲ್ಲಿ ಇದೇ ಇದೆಯಲ್ಲ ಅಂದರು. ನೆಲದೊಳಗೆ ಹೂತಿಟ್ಟ ಹೊನ್ನಿನ ಮೇಲೇ ದಿನಾ ಓಡಾಡಿದರೂ, ಆ ನೆಲವನ್ನು ಬಲ್ಲವರಲ್ಲದವರಿಗೆ ಅದು ಸಿಗುವುದಿಲ್ಲ, ಹಾಗೆಯೇ ಜನ ದಿನವೂ ಬ್ರಹ್ಮಲೋಕಕ್ಕೆ ಹೋಗಿ ಬರುತ್ತಾರೆ, ಕಾಣುವುದಿಲ್ಲ, ಎಂದು. ನಾನು ಇದನ್ನು ಹುಡುಗನಿಗೆ ದಾಟಿಸಿದೆ. ಅವನು ಗಂಭೀರವಾಗಿ ಕೇಳಿ, ‘ನೆಲ ಬಲ್ಲೋರು ಅಂದ್ರೆ ಜಿಯಾಲಜಿಸ್ಟೇ ತಾನೇ ಸಾರ್?’ ಅಂದ. ಶಂಕರಭಾಷ್ಯದಲ್ಲಿ ಏನಿದೆಯೋ ನೋಡಿ ಹೇಳುತ್ತೇನೆ ಅಂದೆ.

ಮೂರನೇ ತೂತಿನಲ್ಲಿ ಒಂದು ರಾತ್ರಿ ಗಲಾಟೆ. ಕಲ್ಲು ಬಿರುಕು ಬಿಟ್ಟ ಜಾಗ ಸಿಕ್ಕಿ, ಒಳಗೆ ಬಿಟ್ಟ ನೀರು ಹಿಂದಕ್ಕೆ ಬರುವ ಬದಲು, ಒಳಗಿನ ನೀರೇ ಮೇಲಕ್ಕೆ ಉಕ್ಕತೊಡಗಿತು. ಕಂಬ ಚೂರುಚೂರಾಗಿ ಬಂತು, ಪೈಪು ಕಚ್ಚಿಕೊಂಡಿತು. ಕೆಲಸದವರು ಬೈದುಕೊಳ್ಳುತ್ತ ಎರಡು ದಿನ ಒದ್ದಾಡಿದರು. ಬದುವಿನ ಈಚೆ ನಮ್ಮ ಚಿಕ್ಕಪ್ಪನಿಗೆ ಹಬ್ಬ. ‘ಒಳ್ಳೇ ಎರಡಿಂಚು ನೀರು! ಮುಚ್ಚಬೇಡಿ, ಮೋಟ್ರು ನಾನು ತರ್ತೀನಿ’ ಎಂದು ಬೇಡಿಕೊಂಡರು. ಹಾಗೆ ಬಿಡುವ ಹಾಗಿಲ್ಲ ಎಂದು ಅವರು ಸಿಮೆಂಟು ಸುರಿದು, ಗೇಣುದ್ದ ಪೈಪು ಮೇಲೆ ಬಿಟ್ಟು, ಅದರ ಮೇಲೆ ನಂಬರು ಬರೆದು, ಒಂದು ವಾರದಲ್ಲಿ ಗುಡಾರ ಕಿತ್ತರು. ಕಂಪನಿಗೆ ಬೇಕಾದ್ದು ಸಿಗಲಿಲ್ಲ ಎಂದು ಯಾರೂ ಹೇಳಲಿಲ್ಲ. ಆಶಾದಾಯಕವಾಗಿದೆ ಎಂದೇ ಹೇಳಿರಬೇಕು. ಆ ಪೈಪಿಗೆ ಈಗ ಯಾರೋ ಎಮ್ಮೆ ಕಟ್ಟುತ್ತಾರೆ.

ಹೋದ ಬೇಸಗೆಯಲ್ಲಿ ಚಿಕ್ಕಪ್ಪನ ಹಳೇ ಬೋರು ಬತ್ತಿತು. ತಿರುಚೆಂಗೋಡಿನ ಲಾರಿ ಬಂತು. ಈ ಸಲ ತೆಂಗಿನಕಾಯಿಯವನನ್ನು ಕರೆಸಲಿಲ್ಲ. ‘ಅವನ್ಯಾಕೆ? ಬೆಂಗ್ಳೂರಿನ ಕಂಪನಿಯವ್ರೇ ವಜ್ರ ಹಾಕಿ ಪಾಯಿಂಟ್ ಮಾಡಿ ಹೋಗವ್ರೆ’ ಎಂದು ಗೋಮಾಳದ ಪೈಪಿಗೆ ನೇರವಾಗಿ, ಬದುವಿನ ಈಚೆ, ತಮ್ಮ ಹೊಲದಲ್ಲಿ ಕಲ್ಲಿಟ್ಟರು. ಇನ್ನೂರಡಿ, ಮುನ್ನೂರಡಿ, ಬರೀ ಬಿಳಿ ಧೂಳು. ನಾಲ್ಕುನೂರರ ಹತ್ತಿರ ಧೂಳು ಕಪ್ಪಾಗಿ, ಒದ್ದೆಯಾಗಿ, ಕೆಸರಾಗಿ ಬಂತು. ಚಿಕ್ಕಪ್ಪ ಒಂದು ಹಿಡಿ ಎತ್ತಿ ಬಿಸಿಲಿಗೆ ಹಿಡಿದರು. ಕೆಸರಿನಲ್ಲಿ ಹಳದಿ ಚುಕ್ಕೆಗಳು ಫಳಫಳ ಹೊಳೆದವು. ಇದು ಹಿತ್ತಾಳೆ ಬಣ್ಣವೋ ಅಲ್ಲವೋ ಎಂದು ಅಲ್ಲಿದ್ದವರೆಲ್ಲ ಚರ್ಚೆಗೆ ಬಿದ್ದರು. ‘ಆ ಹುಡುಗನ್ಗೆ ಫೋನ್ ಮಾಡು’ ಎಂದು ನನಗೆ ಅಪ್ಪಣೆಯಾಯಿತು.

ಹುಡುಗ ಈಗ ರಾಜಸ್ಥಾನದಲ್ಲಿ ಬೇರೆ ಯಾರದೋ ಕೆಲಸದಲ್ಲಿದ್ದಾನೆ. ಹಿಂದೆ ಯಂತ್ರದ ಗುರ್ ಗುರ್ ಕೇಳುತ್ತಿತ್ತು. ಎಲ್ಲ ವಿವರಿಸಿದೆ: ಎಷ್ಟನೇ ಅಡಿ, ಎಂಥ ಕೆಸರು, ಎಂಥ ಹೊಳಪು. ಸ್ವಲ್ಪ ಹೊತ್ತು ಸುಮ್ಮನಿದ್ದ.

‘ಪೈರೈಟೇ ಇರ್ಬೇಕು ಸಾರ್’ ಅಂದ. ಆಮೇಲೆ ದನಿ ಎತ್ತರಿಸಿ, ‘ಅದಿರ್ಲಿ, ಗೌಡ್ರಿಗೆ ನೀರು ಬಿತ್ತಾ?’

‘ಒಂದೂವರೆ ಇಂಚು’ ಅಂದೆ.